ಸಿಟಿಯೊಳಗೊಂದು ಕೌಂಟಿ, ಕೌಂಟಿಯೊಳಗೊಂದು ಬೆಟ್ಟ

ಈ ಚಳಿಗಾಲದಲ್ಲಿ ನಾನು ಚೀನಾದ ಒಂದು ಇಡೀ ಜಿಲ್ಲೆಯನ್ನು ಎತ್ತಿ ಅದರದೇ ತಾಲೂಕಿನೊಳಗೆ ತುರುಕಿಬಿಟ್ಟೆ. ಕೂತಲ್ಲೇ, ಕಾಫಿ ಕುಡಿಯುತ್ತಾ, ಒಂದು ಕೆಂಪು ಪೆನ್ನಿನಲ್ಲಿ.

ನಗಬೇಡಿ. ಅದರಿಂದ ಎಪ್ಪತ್ತು ದಾಟಿದ ಒಬ್ಬ ಹೆಂಗಸಿನ ಗ್ರೀನ್ ಕಾರ್ಡ್ ಅರ್ಜಿ ಅರ್ಧಕ್ಕೆ ನಿಂತುಹೋಯಿತು.

ಅಮೆರಿಕದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ನಮ್ಮ ಟೌನ್‌ಹೌಸಿಗೆ ಅಂಟಿಕೊಂಡಿರುವುದು ಮೇ ಎಂಬವಳ ಮನೆ. ಮೇ ಚೀನಾದವಳು, ಲ್ಯಾಬೊಂದರಲ್ಲಿ ಕೆಲಸ. ತಂದೆ ತೀರಿಕೊಂಡ ಮೇಲೆ ತಾಯಿಯನ್ನು ಇಲ್ಲಿಗೆ ಕರೆಸಿಕೊಂಡಿದ್ದಾಳೆ. ನಾನು ಆಕೆಯನ್ನು ಅಜ್ಜಿ ಎನ್ನುತ್ತೇನೆ. ಆಕೆ ನನ್ನನ್ನು ಏನೋ ಎನ್ನುತ್ತಾರೆ. ಅರ್ಥ ಏನೆಂದು ಇಬ್ಬರೂ ಕೇಳಿಲ್ಲ, ಸಂಬಂಧ ಚೆನ್ನಾಗಿದೆ.

ಅಜ್ಜಿಯ ಹೆಸರಿನಲ್ಲಿ ಈಚೆಗೆ ಮಾಡಿಸಿದ ಜನನ ಪತ್ರವನ್ನು ಮೇ ಇಂಗ್ಲಿಷಿಗೆ ಅನುವಾದ ಮಾಡಿ, ಒಂದು ಸಲ ನೋಡಿಕೊಡು ಎಂದು ನನ್ನ ಹತ್ತಿರ ತಂದಳು. ನನ್ನ ಹತ್ತಿರವೇ ಯಾಕೆ? ನಾನೇ ಜಂಬ ಕೊಚ್ಚಿಕೊಂಡಿದ್ದೆ, ಅದಕ್ಕೆ. ಅಮೆರಿಕಕ್ಕೆ ಬರುವ ಮೊದಲು ಒಂಬತ್ತು ವರ್ಷ ತಾಲೂಕು ಕಚೇರಿಯಲ್ಲಿ ಇದ್ದವಳು ನಾನು. ಪಹಣಿ, ಜಾತಿ ಪ್ರಮಾಣಪತ್ರ, ವಾಸಸ್ಥಳ ಪ್ರಮಾಣಪತ್ರ ಎಲ್ಲ ಕರತಲಾಮಲಕ!

ಅನುವಾದದಲ್ಲಿ ಹುಟ್ಟಿದ ಸ್ಥಳ ಹೀಗಿತ್ತು: ಇಂಥ ಪ್ರಾಂತ್ಯ, ಅದರಲ್ಲಿ ಇಂಥ ಸಿಟಿ, ಆ ಸಿಟಿಯಲ್ಲಿ ಇಂಥ ಕೌಂಟಿ, ಆಮೇಲೆ ಟೌನ್‌ಶಿಪ್, ಹಳ್ಳಿ.

ಕೆಂಪು ಪೆನ್ ತೆಗೆದೆ.

"ಮೇ, ಉಲ್ಟಾ ಬರೆದಿದ್ದೀಯ. ಕೌಂಟಿ ದೊಡ್ಡದು, ಸಿಟಿ ಅದರೊಳಗೆ ಬರುತ್ತೆ. ನಮ್ಮ ಮಾಂಟ್ಗೊಮೆರಿ ಕೌಂಟೀನೇ ನೋಡು!" (ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.)

"ನಮ್ಮ ಕಡೆ ಹಾಗಲ್ಲ ಅನ್ಸುತ್ತೆ..." ಎಂದು ಮೇ ರಾಗ ಎಳೆದಳು. ಹನ್ನೊಂದನೇ ವಯಸ್ಸಿಗೇ ಊರು ಬಿಟ್ಟು ಹಾಸ್ಟೆಲ್ ಸೇರಿದವಳು, ಅವಳಿಗೂ ಗಟ್ಟಿಯಾಗಿ ಗೊತ್ತಿರಲಿಲ್ಲ.

"ನಾನು ತಾಲೂಕು ಆಫೀಸಲ್ಲಿ ಇದ್ದವಳು ಕಣಮ್ಮ," ಎಂದೆ. ಪಾಪ, ಒಪ್ಪಿಕೊಂಡಳು. ಟೈಪ್ ಮಾಡಿ, ಸಹಿ ಹಾಕಿ, ಕಳಿಸಿದಳು.

ಎರಡು ತಿಂಗಳಿಗೆ ವಲಸೆ ಇಲಾಖೆಯಿಂದ ಪತ್ರ ಬಂತು. ಮೂಲದಲ್ಲಿ ಸಿಟಿಯೊಳಗೆ ಕೌಂಟಿ ಇದೆ, ಅನುವಾದದಲ್ಲಿ ಕೌಂಟಿಯೊಳಗೆ ಸಿಟಿ ಇದೆ, ಯಾವುದು ಸರಿ? ಗಡುವಿನೊಳಗೆ ವಿವರಣೆ ಕೊಡಿ, ಇಲ್ಲದಿದ್ದರೆ ಅರ್ಜಿ ತಿರಸ್ಕಾರ.

ಮೇ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. "ರಿಜೆಕ್ಟ್ ಆದ್ರೆ ಅಮ್ಮ ವಾಪಸ್ ಹೋಗ್ಬೇಕಾಗುತ್ತೆ. ಎರಡು ಮಂಡೀನೂ ಹೋಗಿದೆ. ನಮ್ಮೂರಲ್ಲಿ ಅಂಗಡಿಗೆ ಹೋಗ್ಬೇಕು ಅಂದ್ರೂ ಬೆಟ್ಟ ಹತ್ತಿ ಇಳೀಬೇಕು," ಎಂದಳು ಅಷ್ಟೆ. ನನಗೆ ಆ ದಿನ ಊಟ ಸೇರಲಿಲ್ಲ.

ನಮ್ಮ ಯಜಮಾನರು ಬಿಟ್ಟಾರೆಯೇ? "ತಾಲೂಕು ಆಫೀಸಿನ ಬುದ್ಧಿ ಸಮುದ್ರ ದಾಟಿದ್ರೂ ಹೋಗ್ಲಿಲ್ಲ ನೋಡು. ಇಲ್ಲೂ ಒಬ್ರನ್ನ ಅಲೆಸ್ತಾ ಇದ್ದೀಯ."

ಮೈ ಉರಿದುಹೋಯಿತು. ಅವರು ಹೇಳಿದ್ದು ನಿಜವಾಗಿತ್ತಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ಸರಿ, ಕೆಡಿಸಿದವಳು ನಾನು, ಸರಿ ಮಾಡುವವಳೂ ನಾನೇ ಎಂದುಕೊಂಡೆ. ಗಡುವಿಗೆ ಇನ್ನೂ ಮೂರು ವಾರ ಇತ್ತು.

ಶನಿವಾರ ಬೆಳಿಗ್ಗೆ ಅಜ್ಜಿಯ ಎದುರು ಒಂದು ಬಿಳಿ ಹಾಳೆ ಇಟ್ಟು, ನಿಮ್ಮೂರು ಎಲ್ಲಿದೆ, ಬರೆದು ತೋರಿಸಿ ಎಂದೆ. ಮೇ ನಮ್ಮಿಬ್ಬರ ನಡುವೆ ದುಭಾಷಿ.

ಅಜ್ಜಿ ಮೊದಲು ಬರೆದದ್ದು ಊರನ್ನಲ್ಲ, ಹೊಳೆಯನ್ನು. ಆಮೇಲೆ ಅದರ ಎರಡೂ ಕಡೆ ಬೆಟ್ಟ, ಬೆಟ್ಟದ ಹಿಂದೆ ಬೆಟ್ಟ. ಉತ್ತರ ಯಾವ ಕಡೆ ಎಂದು ಕೇಳಿದೆ. ಆಕೆಗೆ ಉತ್ತರ ದಕ್ಷಿಣ ಬೇಕೇ ಇಲ್ಲ. ಹೊಳೆ ಬರುವ ಕಡೆ ಮೇಲು, ಹೋಗುವ ಕಡೆ ಕೆಳಗು, ಮುಗಿಯಿತು. ಹಳ್ಳಿಯಿಂದ ಟೌನ್‌ಶಿಪ್ ಕಚೇರಿಗೆ ಒಂದು ಬೆಟ್ಟ ದಾಟಬೇಕು. ಅಲ್ಲಿಂದ ಕೌಂಟಿ ಕಚೇರಿಗೆ ಇನ್ನೆರಡು ಬೆಟ್ಟ.

"ಸಿಟಿ ಎಲ್ಲಿ ಅಜ್ಜಿ?"

ಹಾಳೆಯಲ್ಲಿ ಜಾಗ ಇರಲಿಲ್ಲ. ಆಕೆ ಹಾಳೆಯಾಚೆ, ಮೇಜಿನ ತುದಿಯಲ್ಲಿ ಬೆರಳಿಟ್ಟರು.

"ಆದ್ರೆ ನೀವು ಹುಟ್ಟಿದ್ದೇ ಆ ಸಿಟೀಲಿ ಅಂತ ಪತ್ರ ಹೇಳುತ್ತಲ್ಲ?"

ಅಜ್ಜಿ ಮಂಡಿ ತಟ್ಟಿಕೊಂಡು ನಕ್ಕರು. "ನಾನು ಹುಟ್ಟಿದಾಗ ಅದು ಸಿಟಿ ಆಗಿರ್ಲಿಲ್ಲ. ಆಮೇಲೆ ಸುತ್ತಲಿನ ಕೌಂಟಿಗಳನ್ನೆಲ್ಲ ಸೇರಿಸಿ ಸಿಟಿ ಅಂತ ಮಾಡಿದ್ರು. ನಮ್ಮ ಜೋಳದ ಹೊಲ, ಹಂದಿ, ಬೆಟ್ಟ ಎಲ್ಲ ಸಿಟಿಗೆ ಸೇರ್ತು. ನಾನು ಆ ಪೇಟೆ ನೋಡಿದ್ದೇ ಎರಡು ಸಲ!"

ಅಯ್ಯೋ ನನ್ನ ಕರ್ಮವೇ. ಅಲ್ಲಿ ಸಿಟಿ ಎಂದರೆ ನಮ್ಮ ಜಿಲ್ಲೆ. ಕೌಂಟಿ ಎಂದರೆ ತಾಲೂಕು. ಟೌನ್‌ಶಿಪ್ ಎಂದರೆ ಹೆಚ್ಚುಕಡಿಮೆ ಹೋಬಳಿ. ಗ್ರಾಮ, ಹೋಬಳಿ, ತಾಲೂಕು, ಜಿಲ್ಲೆ ಎಂದು ಒಂಬತ್ತು ವರ್ಷ ಬರೆದ ಕೈಗೆ ಇಷ್ಟು ಹೊಳೆಯಲಿಲ್ಲವೇ? ಹೇಗೆ ಹೊಳೆಯಬೇಕು? ಇಲ್ಲಿಗೆ ಬಂದು ಹನ್ನೆರಡು ವರ್ಷ. ಕೌಂಟಿ ಎಂದರೆ ನನಗೀಗ ಸ್ಕೂಲ್ ಬಸ್ಸು, ಕಸದ ಟ್ರಕ್ಕು, ಹಿಮ ತೆಗೆಯುವ ಗಾಡಿ. ಜಗತ್ತಿನ ಕೌಂಟಿಗಳೆಲ್ಲ ಹೀಗೇ ಇರಬೇಕೆಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಅಲ್ಲೇ ಕೂತು ಕೆಲಸ ಶುರು ಮಾಡಿದೆವು. ಮೇ ಹೊಸದಾಗಿ ಅನುವಾದ ಮಾಡಿದಳು, ನಾನು ಪೆನ್ ಮುಟ್ಟಲಿಲ್ಲ. ಯಾವುದರೊಳಗೆ ಯಾವುದು ಎಂದು ಒಂದು ಪಟ್ಟಿ ಮಾಡಿದೆವು. ಮುದ್ರಿತ ನಕ್ಷೆಯೊಂದನ್ನು ಹುಡುಕಿ ಸೇರಿಸಿದೆವು. ಅಜ್ಜಿಯ ಹೊಳೆ, ಬೆಟ್ಟಗಳನ್ನೂ ಇಂಗ್ಲಿಷ್ ಹೆಸರು ಹಾಕಿ ಲಗತ್ತಿಸಿದೆವು. ಕೊನೆಗೆ ನಾನೊಂದು ಪುಟ ಬರೆದೆ: ಮೊದಲ ಅನುವಾದ ಸರಿಯಿತ್ತು, ತಪ್ಪಾಗಿ ತಿದ್ದಿದವಳು ಪಕ್ಕದ ಮನೆಯ ನಾನು.

"ನಿನ್ನ ಹೆಸರು ಯಾಕೆ ಹಾಕ್ತೀಯ?" ಎಂದು ಮೇ ತಡೆದಳು.

"ನಮ್ಮ ಕಚೇರೀಲಿ ಒಂದು ಪದ್ಧತಿ ಇತ್ತು ಮೇ. ಕಾಗದದಲ್ಲಿ ಒಂದಕ್ಷರ ಹೊಡೆದು ತಿದ್ದಿದ್ರೂ ಪಕ್ಕದಲ್ಲಿ ತಿದ್ದಿದವರ ಸಹಿ ಇರ್ಬೇಕು. ಅವತ್ತು ನಾನು ತಿದ್ದಿದೆ, ಸಹಿ ಮಾತ್ರ ನಿನ್ನ ಕೈಲಿ ಹಾಕಿಸ್ದೆ. ಇವತ್ತು ಹಾಕ್ತಾ ಇದ್ದೀನಿ."

ಹೋದ ವಾರ ಮೇ ಬಾಗಿಲು ಮುರಿಯುವ ಹಾಗೆ ಬಡಿದಳು. ವಿವರಣೆ ಒಪ್ಪಿದ್ದಾರೆ, ಕಾರ್ಡ್ ಮಂಜೂರಾಗಿದೆ! ಅಡುಗೆಮನೆಯಲ್ಲಿ ನಿಂತು ಇಬ್ಬರೂ ಗೊಳೋ ಎಂದು ಅತ್ತೆವು. ಹಿಂದೆಯೇ ನಿಧಾನಕ್ಕೆ ಬಂದ ಅಜ್ಜಿ, ಇವಕ್ಕೇನಾಗಿದೆ ಎಂಬಂತೆ ನೋಡಿ, ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಒಂದು ಹಾಳೆಯನ್ನು ನನ್ನ ಕಡೆ ತಳ್ಳಿದರು.

"ಈಗ ನಿನ್ನ ಊರು ಬರಿ ಅಂತಿದ್ದಾರೆ," ಎಂದಳು ಮೇ.

ಬರೆದೆ. ಕೆರೆ, ಏರಿ, ಶಾಲೆ, ಬಸ್ ನಿಲ್ಲುವ ಜಾಗ. ತಾಲೂಕಿನ ಹೆಸರು ಬರೆಯುವಾಗ ಕೈ ನಿಂತಿತು. ನಾನು ಬಂದ ಮೇಲೆ ನಮ್ಮ ತಾಲೂಕನ್ನು ಒಡೆದು ಎರಡು ಮಾಡಿದ್ದಾರೆಂದು ಕೇಳಿದ್ದೆ. ನಮ್ಮ ಊರು ಯಾವುದಕ್ಕೆ ಹೋಯಿತು? ಬೆಂಗಳೂರಿನಲ್ಲಿರುವ ತಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ಹೊಸದಕ್ಕೆ ಅನ್ಸುತ್ತೆ ಅಕ್ಕ... ಇರು, ಯಾರನ್ನಾದ್ರೂ ಕೇಳಿ ಹೇಳ್ತೀನಿ," ಎಂದ. ಅಜ್ಜಿ ಕಾಯುತ್ತಿದ್ದರು. ಹಳೆಯ ಹೆಸರು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಪಕ್ಕದಲ್ಲಿ ಸಹಿ ಮಾಡಿಕೊಟ್ಟೆ.

ನನ್ನ ಕಥೆ ಓದಿ ನಗುತ್ತಿದ್ದೀರಲ್ಲ, ಎಲ್ಲಿ ಹೇಳಿ: ನಿಮ್ಮೂರು ಈಗ ಯಾವ ತಾಲೂಕು?