ಮಣ್ಣಿನ ಮಾಳಿಗೆಗೆ ಸಿಮೆಂಟು

ಗೋಪನಕೊಪ್ಪದ ಆ ಮನೆಯಲ್ಲಿ ನಾನು ಒಂದು ದಿನವೂ ನೆಮ್ಮದಿಯಿಂದ ಕೂತವಳಲ್ಲ. ಅರವತ್ತರ ದಶಕದ ಮಾತು. ನಾನು ಸೊಸೆಯಾಗಿ ಬರುವಷ್ಟರಲ್ಲಿ ಸುತ್ತಲಿನ ಹೊಲವೆಲ್ಲ ಪ್ಲಾಟಾಗಿ, ಸ್ಲ್ಯಾಬಿನ ಮನೆಗಳೆದ್ದು, ನಡುವೆ ನಮ್ಮದೊಂದೇ ಒಕ್ಕಲುತನದ ಮನೆ ಉಳಿದಿತ್ತು. ಎತ್ತು ಮಾರಿ ವರ್ಷಗಳಾಗಿದ್ದರೂ ಬಾಗಿಲೊಳಗೆ ಕಾಲಿಟ್ಟರೆ ಮೊದಲು ಸಿಗುವುದು ದನ ಕಟ್ಟುವ ಜಾಗ, ಆಮೇಲೆ ಮೆಟ್ಟಿಲು ಹತ್ತಿದರೆ ಪಡಸಾಲೆ. ಗೋಡೆ ಎರಡು ಮೊಳ ದಪ್ಪ. ಬೇಸಿಗೆಯಲ್ಲಿ ತಂಪು, ಅದನ್ನು ಇಲ್ಲವೆನ್ನಲಾರೆ. ಕಂಬಗಳೂ ಛಂದ ಇದ್ದವು, ನಾನೇನು ಕುರುಡಿಯಲ್ಲ. ಆದರೆ ಮಳೆಗಾಲ ಬಂತೋ, ತೊಲೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ ಸೋರಿ ಸೋರಿ ಜೀವ ತಿನ್ನುತ್ತಿತ್ತು.

ಮಣ್ಣಿನ ಮಾಳಿಗೆಗೆ ಪ್ರತಿ ವರ್ಷ ಮಳೆಗೆ ಮುಂಚೆ ನೀರು ಇಳಿಯಗೊಡದ ಸವುಳು ಮಣ್ಣು ಹಾಕಿ ಬಡಿಯಬೇಕು. ಆ ಮಣ್ಣು ತೋಡುತ್ತಿದ್ದ ಜಾಗದ ಮೇಲೇ ಕಾಲನಿ ಎದ್ದಿತ್ತು. ಇನ್ನು ಮಣ್ಣು ಎಲ್ಲಿಂದ ತರೋಣ? ಇದನ್ನು ಕೆಡವಿ ಇಳಿಸಿ ಸಣ್ಣದೊಂದು ಸ್ಲ್ಯಾಬಿನ ಮನೆ ಕಟ್ಟೋಣವೆಂದು ಮನೆಯವರ ಬೆನ್ನು ಹತ್ತಿದೆ. ಉಡಿಯಲ್ಲಿ ಎಳೆಯ ಕೂಸು, ಅದಕ್ಕೆ ಬಿಡದ ಕೆಮ್ಮು. ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ಕೊನೆಗೂ ಹೂಂ ಅಂದರು.

ಅಷ್ಟರಲ್ಲಿ ಧಾರವಾಡದ ಕಾಲೇಜಿನ ಮಾಸ್ತರರೊಬ್ಬರು ವಕ್ಕರಿಸಿದರು. ಕಂಬ ಸವರಿದರು, ಬಾಗಿಲ ಕೆತ್ತನೆಯ ಚಿತ್ರ ಬರೆದುಕೊಂಡರು, ಇಂಥ ಮನೆ ಊರಿಗೇ ಆಸ್ತಿ, ಕೆಡವಿದರೆ ಮತ್ತೆ ಸಿಗದು ಎಂದು ಹೊಗಳಿದರು. ಮನೆಯವರು ಉಬ್ಬಿಹೋದರು. ಅಲ್ಲಿಯವರೆಗೆ ಕಾಲನಿಯವರೆದುರು ತಲೆ ತಗ್ಗಿಸಿ ನಡೆಯುತ್ತಿದ್ದವರು ರವಿವಾರಕ್ಕೊಮ್ಮೆ ಮಂದಿಯನ್ನು ಕರೆತಂದು ಮನೆ ತೋರಿಸತೊಡಗಿದರು. ಚಹಾ ಕಾಸುವವಳು ನಾನು! ಇಳಿಸುವ ಮಾತು ಅಲ್ಲಿಗೇ ನಿಂತಿತು. ಸರಕಾರದ ಪರ್ಮಿಟ್ಟಿನ ಮೇಲಷ್ಟೇ ಸಿಗುತ್ತಿದ್ದ ಸಿಮೆಂಟು ತಂದು ಮಣ್ಣಿನ ಮಾಳಿಗೆಯ ಮೇಲೇ ಸುರಿಸಿದರು. ಹಳೆಯದೂ ಉಳಿಯಿತು, ಸೋರುವುದೂ ನಿಂತಿತು ಎಂದು ಬೀಗಿದರು. ತೊಲೆಗಳು ಅಷ್ಟು ಭಾರ ತಾಳಿಯಾವೇ ಎಂದು ನಾನು ಬಾಯಿ ಬಡಕೊಂಡದ್ದು ಅವರ ಕಿವಿಗೆ ಬೀಳಲಿಲ್ಲ.

ಮಳೆ ಹಿಡಿಯಿತು. ಸಿಮೆಂಟು ಬಿರುಕುಬಿಟ್ಟು ನೀರೆಲ್ಲ ಕೆಳಗಿನ ಮಣ್ಣಿಗೆ ಇಳಿಯಿತು. ಒಂದು ದಿನ ತೊಟ್ಟಿಲು ತೂಗಿದರೆ ಸರ್ರೆಂದು ನೆಲಕ್ಕೆ ಉಜ್ಜಿತು. ಹಗ್ಗ ಜಗ್ಗಿದೆ ಎಂದು ಮನೆಯವರು ಅದನ್ನು ಗಿಡ್ಡ ಮಾಡಿ ಕಟ್ಟಿದರು. ರವಿವಾರ ಮುಂಜಾನೆ ಮತ್ತೆ ಉಜ್ಜಿತು. ತಲೆಯೆತ್ತಿ ನೋಡಿದೆ. ತೊಟ್ಟಿಲು ಕಟ್ಟಿದ್ದ ತೊಲೆಯೇ ಬಾಗಿತ್ತು. ಕೂಸನ್ನು ಎತ್ತಿಕೊಂಡು ಎದುರು ಮನೆಯ ಕಟ್ಟೆಯ ಮೇಲೆ ಹೋಗಿ ಕೂತುಬಿಟ್ಟೆ.

ಅದೇ ಹೊತ್ತಿಗೆ ಮಾಸ್ತರರು ಐದಾರು ಮಂದಿಯೊಂದಿಗೆ ಬಂದರು. ಬಾಗಿಲಲ್ಲಿ ನಿಂತಿದ್ದ ಮನೆಯವರು ಮಾನ ಹೋದೀತೆಂದು, ಒಳಗೆ ಬಾ ಎಂದು ನನಗೆ ಸನ್ನೆ ಮಾಡಿದರು. ನನಗೆ ನಾಚಿಕೆ ಉಳಿದಿರಲಿಲ್ಲ.

"ತೊಲಿ ಬಾಗೇತ್ರಿ ಮಾಸ್ತರ್ರ. ಒಳಗ ಹೋಗಿ ನೋಡ್ರಿ, ಮನಿ ಛಂದ ಐತಿ. ನನ್ನ ಕೂಸನ್ನ ಮಾತ್ರ ನಾ ಒಳಗ ಒಯ್ಯಂಗಿಲ್ಲ."

ಅವರೆಲ್ಲ ಹೊಸ್ತಿಲವರೆಗೆ ಹೋಗಿ, ಕತ್ತು ಚಾಚಿ ಮೇಲೆ ನೋಡಿದರು. ಎಂಥ ಮನೆ, ಎಂಥ ಮನೆ ಎಂದು ಅಲ್ಲಿಂದಲೇ ಲೊಚಗುಟ್ಟಿದರು. ಒಬ್ಬರೂ ಒಳಗೆ ಕಾಲಿಡಲಿಲ್ಲ. ಮಾಸ್ತರರೂ ಇಡಲಿಲ್ಲ. ಮನೆಯವರು ಅವರ ಕಾಲುಗಳನ್ನೇ ನೋಡುತ್ತ ನಿಂತರು.

"ಚಿತ್ರಾ ಎಷ್ಟ ಬೇಕಷ್ಟ ಬರಕೊಳ್ರಿ," ಎಂದರು ಕೊನೆಗೆ. "ನಾಳಿ ಆಳು ಕರಸ್ತೇನಿ. ಇಳಸೂದ."

ಇಷ್ಟು ದಿನ ನಾನು ಹಟ ಹಿಡಿದು ಕೇಳಿದ್ದು ಅದೇ ಮಾತು. ಅದು ಕಿವಿಗೆ ಬಿದ್ದದ್ದೇ, ಕೂಸನ್ನು ಎದೆಗೊತ್ತಿಕೊಂಡು, ಅಷ್ಟು ಮಂದಿಯೆದುರಿಗೇ ಹೋ ಎಂದು ಅತ್ತುಬಿಟ್ಟೆ.