ಮುಂಜಾನೆ ಮಡಚದ ಬೆರಳುಗಳು

ಕಣ್ಣಾರೆ ಕಂಡದ್ದನ್ನು ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲ. ಅದು ೧೯೮೪, ಹತ್ತಿ ಬಿಡಿಸುವ ಕಾಲ. ನನ್ನ ಮಗಳಿಗೆ ಆಗ ಐದು ತಿಂಗಳು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಬರೆಯುವ ರೂಢಿಯಿಲ್ಲ. ಆದರೆ ಇದೊಂದನ್ನು ಬರೆಯಬಲ್ಲೆ. ಅಂದು ಯಾರು ಏನೆಂದರು ಎಂಬುದು ನನಗೆ ಇನ್ನೂ ಚೆನ್ನಾಗಿ ನೆನಪಿದೆ.

ಕುಂದಗೋಳ ತಾಲೂಕಿನ ಕುಬಿಹಾಳದಲ್ಲಿ ನನ್ನ ಅಕ್ಕ ಕಸ್ತೂರಿಯನ್ನೂ ನನ್ನನ್ನೂ ಒಂದೇ ಮನೆಗೆ ಕೊಟ್ಟಿದ್ದರು. ಅಣ್ಣನಿಗೆ ಅಕ್ಕ, ತಮ್ಮನಿಗೆ ನಾನು. ಕೆಲಸವನ್ನು ಅತ್ತೆ ಹಂಚಿಕೊಟ್ಟಿದ್ದರು. ಮುಂಜಾನೆಯ ರೊಟ್ಟಿ ಅಕ್ಕನದು, ಸಂಜೆಯದು ನನ್ನದು. ಹೊಲಕ್ಕೆ ಒಯ್ಯುವ ಬುತ್ತಿಯೂ ಸೇರಿ ಮುಂಜಾನೆ ಮೂವತ್ತು ರೊಟ್ಟಿಯಾದರೂ ಬೇಕು. ಅಕ್ಕ ರೊಟ್ಟಿ ಬಡಿಯುವ ಸಪ್ಪಳಕ್ಕೆ ನಮ್ಮ ಓಣಿಯೇ ಎಚ್ಚರಾಗುತ್ತಿತ್ತು.

ಆ ಚಳಿಗಾಲದಲ್ಲಿ ಆ ಸಪ್ಪಳ ನಿಧಾನವಾಗುತ್ತ ಬಂತು. ಅಕ್ಕನ ಎರಡೂ ಕೈಯ ಬೆರಳುಗಳ ಗೆಣ್ಣು ಬಾತುಕೊಂಡವು. ಅತ್ತೆ ಎಕ್ಕಿ ಎಲೆ ಕಾಸಿ ಕಟ್ಟಿದರು, ಉಳುಕು ತೆಗೆಯುವವನನ್ನು ಕರೆಸಿದರು. ಅವನು ಎಳೆದ ಎಳೆತಕ್ಕೆ ಅಕ್ಕನಿಗೆ ಎರಡು ದಿನ ತಂಬಿಗೆ ಕೂಡ ಎತ್ತಲಾಗಲಿಲ್ಲ. ಆದರೂ ಅವಳ ನಗೆ ಹೋಗಿರಲಿಲ್ಲ.

"ನನ್ನ ಕೈ ಸಾಹೇಬ್ರಾಗ್ಯಾವ ಲೇ ಶಾಂತಾ. ಒಂಬತ್ತ ಹೊಡದ ಮ್ಯಾಲೇ ಡ್ಯೂಟಿಗೆ ಬರತಾವ" ಎನ್ನುತ್ತಿದ್ದಳು.

ನಿಜವಾಗಿಯೂ ಹಾಗೇ ಆಗುತ್ತಿತ್ತು. ಹೊತ್ತೇರಿದಂತೆ ಬೆರಳು ಸಡಿಲಾಗುತ್ತಿದ್ದವು. ಮಧ್ಯಾಹ್ನ ಹೊಲದಲ್ಲಿ ನನ್ನ ಬಾಜು ಸಾಲು ಹಿಡಿದು ಹತ್ತಿ ಬಿಡಿಸುತ್ತಿದ್ದಳು. ಕೊಡವನ್ನು ಬೆರಳಿನಿಂದ ಹಿಡಿಯದೆ ಮೊಣಕೈಯಲ್ಲಿ ತಬ್ಬಿ ಎತ್ತುತ್ತಿದ್ದಳು, ಗಂಟನ್ನು ಹಲ್ಲಿನಿಂದ ಬಿಗಿಯುತ್ತಿದ್ದಳು. ನೋವಿನ ಜೊತೆ ಬಾಳುವ ಇಂಥ ಹತ್ತು ದಾರಿಗಳನ್ನು ತಾನೇ ಹುಡುಕಿಕೊಂಡಿದ್ದಳು. ನಮಗೆ ಅವೆಲ್ಲ ಸೋಗಿನಂತೆ ಕಂಡವು. ಮಧ್ಯಾಹ್ನ ಬರುವ ಕೈ ಮುಂಜಾನೆ ಏಕೆ ಬರುವುದಿಲ್ಲ?

ಒಂದು ಮುಂಜಾನೆ ಅವಳು ರೊಟ್ಟಿಯನ್ನು ಬಡಿಯದೆ ಲಟ್ಟಣಿಗೆಯಿಂದ ಲಟ್ಟಿಸಿದಳು. ಅತ್ತೆ ಒಂದು ರೊಟ್ಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ನೋಡ್ರಿ ಇಲ್ಲೆ! ಜ್ವಾಳದ ರೊಟ್ಟಿನ ಲಟ್ಟಸ್ಯಾಳ ಮಾರಾಯ್ತಿ. ಬಂದ ಮಂದಿ ಕಂಡ್ರ ನನ್ನ ಮಾರಿಮ್ಯಾಗ ಉಗಳತಾರ."

ಮರುದಿನದಿಂದ ಮುಂಜಾನೆಯ ರೊಟ್ಟಿಯೂ ನನ್ನ ಪಾಲಿಗೆ ಬಂತು. ಕೂಸು ಅಳುತ್ತಿತ್ತು, ಒಲೆಯ ಹೊಗೆ ಕಣ್ಣಿಗೆ ಬಡಿಯುತ್ತಿತ್ತು, ನನ್ನ ಸಿಟ್ಟು ದಿನದಿನಕ್ಕೆ ಬೆಳೆಯುತ್ತಿತ್ತು. ಹೀಗಿರುವಾಗ ಒಂದು ದಿನ ಬೆಳಕು ಹರಿಯುವ ಮೊದಲು ಬಚ್ಚಲಿನ ಕಡೆ ಹೋದೆ. ಅಕ್ಕ ಬಿಸಿನೀರಿನ ಬಕೆಟ್ಟಿನಲ್ಲಿ ಕೈ ಅದ್ದಿ ಕುಳಿತಿದ್ದಳು. ಒಂದು ಕೈಯಿಂದ ಇನ್ನೊಂದು ಕೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಪ್ರತಿ ಬೆರಳಿಗೂ ತುಟಿ ಕಚ್ಚುತ್ತಿದ್ದಳು. ಸೋಗು ಹಾಕುವವರು ಯಾರೂ ನೋಡದ ಕಡೆ ಹಾಗೆ ಕೂರುವುದಿಲ್ಲ. ನನಗೆ ಅದು ಆಗಲೇ ತಿಳಿಯಿತು. ಸಪ್ಪಳ ಮಾಡದೆ ಹಿಂದೆ ಬಂದೆ.

ಅದೇ ಸಂಜೆ ಅತ್ತೆ ಎಲ್ಲರ ಎದುರಿಗೆ ನನ್ನನ್ನು ಕೇಳಿದರು. "ನಿನ್ನ ಒಡಹುಟ್ಟಿದಾಕಿ. ನಿನಗಿಂತ ಯಾರಿಗೆ ಗೊತ್ತಿರತೈತಿ? ಖರೇ ಹೇಳು, ಬ್ಯಾನಿ ಐತೋ, ಮೈಗಳ್ಳತನಾನೋ?"

ಅಕ್ಕ ನನ್ನ ಕಡೆ ನೋಡಿದಳು. ನಾನು ಕೂಸಿನ ಕಡೆ ನೋಡಿದೆ.

"ನನಗೇನ್ ಗೊತ್ತ್ರಿ ಅತ್ತಿ? ಮಧ್ಯಾಹ್ನ ಹೊಲದಾಗ ನನ್ನ ಸರೀ ಹತ್ತಿ ಬಿಡಸತಾಳ."

ಹೊಲದ ಮಾತು ಸುಳ್ಳಲ್ಲ. ಅದಕ್ಕೇ ಎಲ್ಲರೂ ನಂಬಿದರು. ತಂಗಿಯೇ ಹೀಗೆಂದ ಮೇಲೆ ಅಕ್ಕನ ಪರವಾಗಿ ಮಾತಾಡುವವರು ಉಳಿಯಲಿಲ್ಲ. ಅವಳ ಗಂಡ, ಅಂದರೆ ನನ್ನ ಭಾವ, ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸೋಣ ಎಂದರು. ಅತ್ತೆ ಒಪ್ಪಿದರು, ಆದರೆ ಕಡ್ಡಿ ಮುರಿದಂತೆ ಹೇಳಿದರು. "ಡಾಕ್ಟರ್ ಬ್ಯಾನಿ ಅಂದ್ರ ನಂಬತೀನಿ. ಇಲ್ಲಂದ್ರ ತವರಿಗೆ ಬಿಟ್ಟು ಬಾ. ಕೈ ನೆಟ್ಟಗಾದ ಮ್ಯಾಲೆ ಬರಲಿ." ಮೈಗಳ್ಳಿ ಎನಿಸಿಕೊಂಡು ತವರಿಗೆ ಹೋದವಳನ್ನು ಮತ್ತೆ ಯಾರು ಕರೆತರುತ್ತಾರೆ? ಅದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಜೊತೆಗೆ ಹೆಣ್ಣುಮಗಳೊಬ್ಬಳು ಇರಲಿ ಎಂದು ನನ್ನನ್ನೂ ಕಳಿಸಿದರು. ಡಾಕ್ಟರು ಅಕ್ಕನ ಗೆಣ್ಣುಗಳನ್ನು ಮೆಲ್ಲಗೆ ಒತ್ತಿ ನೋಡಿದರು.

"ಮುಂಜಾನೆ ಎದ್ದಾಗ ಎಷ್ಟೊತ್ತು ಬಿಗಿ ಇರತಾವವಾ?"

"ಒಲಿ ಹಚ್ಚೂ ಹೊತ್ತಿಗೆ ಕಟಗಿ ಆಗಿರತಾವ್ರಿ. ಶಾಲಿ ಗಂಟಿ ಹೊಡ್ಯೂ ಹೊತ್ತಿಗೆ ಬಿಡತಾವ್ರಿ."

"ಮಧ್ಯಾಹ್ನ ನೆಟ್ಟಗಿರತಿ, ಮುಂಜಾನೆ ನಾಟಕ ಮಾಡತಿ ಅಂತಾರೇನ್ ಮನ್ಯಾಗ?"

ಅಕ್ಕ ನಕ್ಕಳು. "ಇಲ್ರಿ. ನಮ್ಮ ಮನಿ ಮಂದಿ ಅಗದಿ ಚಲೋ ಅದಾರ್ರಿ. ಇಕಿ ನಮ್ಮ ತಂಗಿನ, ನನ್ನ ಕೆಲಸಾನೂ ಇಕೀನ ಮಾಡತಾಳ್ರಿ."

"ಈ ಬ್ಯಾನಿ ಗುಣಾನ ಹಂಗ. ಮುಂಜಾನೆ ಹಿಡೀತೈತಿ, ಆಮ್ಯಾಲೆ ಬಿಡತೈತಿ" ಎಂದರು ಡಾಕ್ಟರು. ಕೀಲುಗಳ ವಾತ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ ನೋಡೋಣ, ಎಂಟು ದಿನ ಬಿಟ್ಟು ಬನ್ನಿ ಎಂದರು.

ಆ ಎಂಟು ದಿನ ನಾನು ಬಾಯಿ ಬಿಡಲಿಲ್ಲ. ರಕ್ತ ಪರೀಕ್ಷೆಯ ಕಾಗದ ಬರಲಿ, ಅದೇ ಹೇಳುತ್ತದೆ, ನಾನು ಹೇಳುವ ಪ್ರಸಂಗವೇ ಬರುವುದಿಲ್ಲ ಎಂದುಕೊಂಡೆ. ಅಕ್ಕ ಮಾತ್ರ ದಿನಾ ಮುಂಜಾನೆ ಬಿಸಿನೀರಿನಲ್ಲಿ ಕೈ ಅದ್ದಿ, ಬೆರಳು ಬಿಡಿಸಿಕೊಂಡು, ಕೈ ಬಂದಷ್ಟು ಕೆಲಸ ಮಾಡುತ್ತಲೇ ಇದ್ದಳು.

ಒಂಬತ್ತನೆಯ ದಿನ ಭಾವ ಹುಬ್ಬಳ್ಳಿಯಿಂದ ಬಂದರು. ಪಡಸಾಲೆಯಲ್ಲಿ ಎಲ್ಲರೂ ಕೂಡಿದ್ದೆವು.

"ರಕ್ತದಾಗ ಸದ್ಯ ಕಂಡಿಲ್ಲಂತ ಯವ್ವಾ. ಸುರುವಿಗೆ ಒಮ್ಮೊಮ್ಮೆ ಕಾಣೂದಿಲ್ಲಂತ. ಗುಳಗಿ ಕೊಟ್ಟಾರ, ಎರಡು ತಿಂಗಳ ಬಿಟ್ಟು ಮತ್ತ ಕರದಾರ."

ಅತ್ತೆಗೆ ಮೊದಲ ಮಾತಷ್ಟೇ ಕೇಳಿಸಿತು. "ಕಂಡಿಲ್ಲಂದ್ರ ಇಲ್ಲಂದಂಗ. ನಾಳೆ ಮುಂಜಾನಿ ಬಸ್ಸಿಗೆ ಬಿಟ್ಟು ಬಾ."

ಭಾವ ತಲೆ ತಗ್ಗಿಸಿದರು. ಅಕ್ಕ ತಗ್ಗಿಸಲಿಲ್ಲ. "ಹೋಗತೀನ್ರಿ ಅತ್ತಿ. ಆದ್ರ ಸುಳ್ಳಿ ಅನಿಸಿಕೊಂಡು ಹೋಗೂದಿಲ್ರಿ" ಎಂದಳು.

ರೋಗದ ಹೆಸರು ಖಾತ್ರಿಯಾದದ್ದು ಎಷ್ಟೋ ತಿಂಗಳ ಮೇಲೆ, ಎಕ್ಸ್‌ರೇ ತೆಗೆದಾಗ. ಅಲ್ಲಿಯವರೆಗೆ ಕಾಯಲು ಅಂದು ಹೊತ್ತಿರಲಿಲ್ಲ. ಕೂಸನ್ನು ಗಂಡನ ಕೈಗೆ ಕೊಟ್ಟು ಎದ್ದು ನಿಂತೆ.

"ಅಕೀನ ಕಳಿಸಬ್ಯಾಡ್ರಿ ಅತ್ತಿ. ಅಕಿ ಬ್ಯಾನಿ ಖರೇ ಐತ್ರಿ. ಬಚ್ಚಲದಾಗ ಬೆರಳ ಬಿಡಿಸಿಕೋತ ತುಟಿ ಕಚ್ಚಿ ಕುಂತಿದ್ಲು, ನಾ ಕಣ್ಣಾರೆ ನೋಡೀನ್ರಿ."

ಅತ್ತೆ ನನ್ನ ಕಡೆ ತಿರುಗಿದರು. "ಮತ್ತ ಅವತ್ತ ಕೇಳಿದಾಗ ಬಾಯಾಗ ಏನ್ ಇಟಗೊಂಡಿದ್ದಿ?"

"ಹೊಟ್ಟಿಕಿಚ್ಚು ಇಟಗೊಂಡಿದ್ನಿರಿ. ಕೆಲಸೆಲ್ಲಾ ನನ್ನ ಮ್ಯಾಲೆ ಬಿತ್ತಂತ ಸಿಟ್ಟಿತ್ರಿ."

ಅತ್ತೆ ಅಕ್ಕನ ಬಾತ ಬೆರಳುಗಳನ್ನು ನೋಡಿದರು. ಕೊನೆಗೆ, "ಹಂಗಾರ ಇನ್ನ ಮುಂದೂ ಮುಂಜಾನಿ ರೊಟ್ಟಿ ಯಾರ ಬಡೀತಾರ?" ಎಂದರು.

"ನಾ ಬಡೀತೀನ್ರಿ. ಸಂಜಿಗೆ ಅಕಿ ಕೈ ಬಂದಷ್ಟು ಮಾಡಲಿ, ಉಳಿದದ್ದೂ ನಂದ."

ಇಷ್ಟು ಸರಳ ಹಂಚಿಕೆ ಅಷ್ಟು ದಿನ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅತ್ತೆ ಭಾವನ ಕಡೆ ತಿರುಗಿದರು. "ಗುಳಗಿ ಉಂಡ ಮ್ಯಾಲೆ ನುಂಗಬೇಕೋ, ಮೊದಲೋ?" ಎಂದು ಕೇಳಿದರು. ಅಕ್ಕ ಉಳಿದಳೆಂದು ನಮಗೆಲ್ಲ ತಿಳಿದದ್ದು ಹಾಗೆ.

ಅತ್ತೆಗೆ ಹೇಳುವುದು ಮುಗಿದಿತ್ತು. ಹೇಳಬೇಕಾದವಳು ಇನ್ನೊಬ್ಬಳಿದ್ದಳು. ಅವಳ ಎದುರಿಗೆ ಹೋಗಿ ಕುಳಿತೆ. ಎಲ್ಲರೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ಅಕ್ಕಾ, ನಾ ನೋಡಿನೂ ಹೇಳಲಿಲ್ಲ. ಗೊತ್ತಿದ್ದೂ ನಿನ್ನ ಸುಳ್ಳಿ ಮಾಡಿದ್ನಿ. ನಂದು ತಪ್ಪಾತು."