ನಲವತ್ತಡಿ ನೀರಿನಲ್ಲಿ ವೂ ತಾಮ್ ಕಾವಲು

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಹ್ಯೂಸ್ಟನ್ನಿನ ಗಗನಯಾತ್ರಿಗಳ ತರಬೇತಿ ಕೊಳದ ಅಂಚಿನಲ್ಲಿ ವೂ ತಾಮ್ ಮಂಡಿಯೂರಿ ಕುಳಿತು ಸೀಸದ ತುಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದಾರೆ. ನಲವತ್ತಾರು ವರ್ಷ ವಯಸ್ಸು, ಐದಡಿಗೂ ಚೂರು ಕಮ್ಮಿ ಎತ್ತರ. ಕ್ಲೋರಿನ್ ತಿಂದ ಕೂದಲು ತೆಂಗಿನ ನಾರಿನಂತಿದೆ. ನೀರಿನಡಿ ಬಾಹ್ಯಾಕಾಶ ನಿಲ್ದಾಣದ ಪೂರ್ಣ ಗಾತ್ರದ ಮಾದರಿ ಮಲಗಿದೆ.

ಕ್ರೇನು ಗಗನಯಾತ್ರಿಯನ್ನು ಬಿಳಿ ಸೂಟಿನ ಸಮೇತ ನೀರಿಗಿಳಿಸಿದ ಮೇಲೆ ತಾಮ್ ಅವರ ಕೆಲಸ ಶುರು. ತೊಡೆಗೊಂದು ಸೀಸದ ತುಂಡು, ಬೆನ್ನಿಗೊಂದು ಚೂರು ಸ್ಪಂಜು ಎಂದು ಸೇರಿಸುತ್ತ ತೆಗೆಯುತ್ತ, ಬಾಹ್ಯಾಕಾಶದಲ್ಲಿ ತೂಕವಿಲ್ಲದೆ ಇರುವ ಹಾಗೆ ಸೂಟು ಮುಳುಗದೆ ತೇಲದೆ ಇದ್ದಲ್ಲೇ ನಿಲ್ಲುವಂತೆ ಮಾಡಬೇಕು. "ಎಡಗಾಲಿಗೆ ಒಂದು ತುಂಡು ಹೆಚ್ಚಾದ್ರೂ ಸಾಕು, ಆರು ಗಂಟೆ ಅವರು ವಾಲ್ಕೊಂಡೇ ಕೆಲಸ ಮಾಡ್ಬೇಕು. ಸೊಂಟ ಹಿಡ್ಕೊಳ್ಳೋದು ಅವರಿಗೆ, ಬೈಗುಳ ನನಗೆ," ಎಂದು ನಗುತ್ತಾರೆ.

ಒಬ್ಬ ಗಗನಯಾತ್ರಿಗೆ ಇಬ್ಬರು ರಕ್ಷಣಾ ಡೈವರ್‌ಗಳು. ಒಂದು ಅಭ್ಯಾಸಕ್ಕೆ ಆರು ಗಂಟೆ. ಇಪ್ಪತ್ತಮೂರು ವರ್ಷಗಳಲ್ಲಿ ತಾಮ್ ಅರವತ್ತಕ್ಕೂ ಹೆಚ್ಚು ಗಗನಯಾತ್ರಿಗಳನ್ನು ಕಾದಿದ್ದಾರೆ. ಕೊಳ ಸರ್ಕಾರದ್ದು, ಗಗನಯಾತ್ರಿಗಳು ಸರ್ಕಾರದವರು. ಡೈವರ್‌ಗಳು, ಕ್ರೇನಿನವರು, ಸೂಟು ತೊಡಿಸುವವರು ಮಾತ್ರ ಖಾಸಗಿ ಗುತ್ತಿಗೆ ಕಂಪನಿಯ ಜನ. ಕೆಲವು ವರ್ಷಕ್ಕೊಮ್ಮೆ ಗುತ್ತಿಗೆ ಕೈ ಬದಲಾಗುತ್ತದೆ. ಆಗ ಎಲ್ಲರೂ ತಾವು ಮಾಡುತ್ತಿರುವ ಕೆಲಸಕ್ಕೆ ತಾವೇ ಹೊಸದಾಗಿ ಅರ್ಜಿ ಹಾಕಬೇಕು. ತಾಮ್ ಅವರ ಕೊರಳಲ್ಲಿರುವುದು ನಾಲ್ಕನೇ ಕಂಪನಿಯ ಬ್ಯಾಡ್ಜು.

ಅಪ್ಪ ಹತ್ತಿರದ ಕರಾವಳಿಯ ಊರು ಸೀಬ್ರೂಕ್‌ನಲ್ಲಿ ಸೀಗಡಿ ಹಿಡಿಯುವ ದೋಣಿ ಇಟ್ಟಿದ್ದರು. ದೋಣಿಯಡಿ ನೀರಲ್ಲಿ ತಿರುಗುವ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಬಾಯಲ್ಲಿ ಚಾಕು ಕಚ್ಚಿಕೊಂಡು ಕೆಳಗಿಳಿಯುತ್ತಿದ್ದದ್ದು ಮಗಳೇ. "ಆ ರಾಡಿ ನೀರಲ್ಲಿ ಕಣ್ಣು ಬಿಟ್ರೂ ಒಂದೇ, ಮುಚ್ಚಿದ್ರೂ ಒಂದೇ. ಎಲ್ಲಾ ಕೈಯಲ್ಲೇ ಗೊತ್ತಾಗ್ಬೇಕು," ಎನ್ನುತ್ತಾರೆ. ಚಂಡಮಾರುತವೊಂದು ದೋಣಿಯನ್ನು ಮುರಿದು ಹಾಕಿದ ಮೇಲೆ ಕೊಳದ ಕೆಲಸಕ್ಕೆ ಬಂದರು. ಆಗ ಡೈವರ್‌ಗಳ ಮುಖ್ಯಸ್ಥನಾಗಿದ್ದ ಲೂಸಿಯಾನದ ಗಿಡ್ರಿ ಅವರ ಗಿಡ್ಡ ಮೈಕಟ್ಟನ್ನು ಮೇಲಿಂದ ಕೆಳಗೆ ನೋಡಿ, "ಇದೇನು, ಸೀಗಡಿ ತರೋಕೆ ಹೇಳಿದ್ನಾ ನಾನು?" ಎಂದಿದ್ದ. "ಬೇಯಿಸಿದ ಮೇಲೆ ಹೇಳು ಮಾರಾಯ, ಸಣ್ಣದೋ ದೊಡ್ಡದೋ ಅಂತ," ಎಂದಿದ್ದರು ತಾಮ್. ಅಂದಿನಿಂದ ಅವನ ಪಾಲಿಗೆ ಅವರ ಹೆಸರು ಸೀಗಡಿಯೇ.

ಕಳೆದ ಮಾರ್ಚ್‌ನಲ್ಲಿ ಗುತ್ತಿಗೆ ಈ ನಾಲ್ಕನೇ ಕಂಪನಿಯ ಕೈಗೆ ಬಂತು. ಮರುನೇಮಕದ ಪತ್ರಗಳು ದಿನಕ್ಕೆ ನಾಲ್ಕೈದರಂತೆ ಬರತೊಡಗಿದವು. ತಾಮ್‌ಗೂ ಬಂದಿರಲಿಲ್ಲ, ಗಿಡ್ರಿಗೂ ಬಂದಿರಲಿಲ್ಲ. ಆ ವಾರದ ಬುಧವಾರ ರೋವೀನಾ ಹ್ಯಾಸ್ಕೆಲ್ ಎಂಬ ಗಗನಯಾತ್ರಿಯ ಕೊನೆಯ ಅಭ್ಯಾಸವಿತ್ತು. ಅವರು ಬಾಹ್ಯಾಕಾಶಕ್ಕೆ ಹೊರಡಲು ಉಳಿದಿದ್ದು ಐದು ವಾರ. ಹೊಸ ಕಂಪನಿಯ ವ್ಯವಸ್ಥಾಪಕರು ನಿಯಂತ್ರಣ ಕೋಣೆಯಲ್ಲಿ ನಿಂತು ನೋಡುತ್ತಿದ್ದರು.

ನಾಲ್ಕನೇ ಗಂಟೆ. ಮೇಲಿನವರು ಕೇಳಿದ್ದಕ್ಕೆಲ್ಲ ಹ್ಯಾಸ್ಕೆಲ್ "ಚೆನ್ನಾಗಿದ್ದೀನಿ, ಮುಂದುವರಿಸ್ತೀನಿ" ಎನ್ನುತ್ತಿದ್ದರು. ನೀರೊಳಗಿನ ಧ್ವನಿವರ್ಧಕದಲ್ಲಿ ಅದು ತಾಮ್‌ಗೂ ಕೇಳಿಸುತ್ತಿತ್ತು. ಆದರೆ ಅವರ ಕಣ್ಣು ಹ್ಯಾಸ್ಕೆಲ್ ಕೈಯ ಮೇಲಿತ್ತು. ಮಾದರಿಯ ಲೋಹದ ಬಳೆಗಳಿಗೆ ತಮ್ಮ ಸುರಕ್ಷತಾ ಹಗ್ಗದ ಕೊಂಡಿ ಹಾಕಿದಾಗಲೆಲ್ಲ ಎರಡು ಸಲ ಜಗ್ಗಿ ನೋಡುವುದು ಹ್ಯಾಸ್ಕೆಲ್ ಅಭ್ಯಾಸ. ಅವತ್ತು ಜಗ್ಗಲಿಲ್ಲ. ಮುಂದಿನ ಕೊಂಡಿ ಬಳೆಯನ್ನು ತಪ್ಪಿತು, ಮತ್ತೆ ತಪ್ಪಿತು. ತಾಮ್ ಮುಂದೆ ಈಜಿ ಬಂದು "ಸರಿಯಿದ್ದೀರಾ?" ಎಂದು ಸನ್ನೆ ಮಾಡಿದರು. "ಸರಿಯಿದ್ದೇನೆ" ಎಂಬ ಸನ್ನೆ ವಾಪಸ್ ಬಂತು, ಆದರೆ ತಡವಾಗಿ. ತಾಮ್ ಹೆಬ್ಬೆರಳು ಮೇಲೆತ್ತಿದರು. ಮೇಲೆ ಹೋಗಬೇಕು, ಅಭ್ಯಾಸ ಮುಗಿಯಿತು ಎಂದು ಅದರರ್ಥ. ಹಾಗೆ ನಿಲ್ಲಿಸುವ ಹಕ್ಕು ಪ್ರತಿ ಡೈವರ್‌ಗೂ ಇದೆ. ಬಳಸಲು ಯಾರೂ ಇಷ್ಟಪಡುವುದಿಲ್ಲ.

ಹೆಲ್ಮೆಟ್ ತೆಗೆಯುತ್ತಿದ್ದಂತೆ ಹ್ಯಾಸ್ಕೆಲ್ ಸಿಡುಕಿದರು. "ನನಗೇನಾಗಿದೆ? ಇನ್ನೂ ಎರಡು ಗಂಟೆ ಕೆಲಸ ಇತ್ತು!" ವೈದ್ಯರು ನಾಡಿ ನೋಡಿದರು, ಸರಿಯಾಗಿತ್ತು. ವ್ಯವಸ್ಥಾಪಕರು ಕೆಳಗಿಳಿದು ಬಂದರು.

"ಪರದೆ ಮೇಲೆ ಎಲ್ಲಾ ಅಂಕಿ ಸರಿಯಾಗಿತ್ತು. ನೀವು ಏನು ನೋಡಿ ನಿಲ್ಲಿಸಿದ್ರಿ?"

"ಕೈ ನೋಡಿ, ಸರ್."

"ಕೈನಾ?"

"ಹೌದು ಸರ್. ಅದು ಅವರ ಕೈ ಥರ ಇರ್ಲಿಲ್ಲ."

ಗಿಡ್ರಿ ಒಂದು ಮಾತನ್ನಷ್ಟೇ ಸೇರಿಸಿದ. "ಸೀಗಡಿ ನಿಲ್ಲಿಸಿದ್ಲು ಅಂದ್ರೆ ಸೂಟು ಬಿಚ್ಚಿ ನೋಡಿ ಸರ್."

ಎರಡು ದಿನ ತಾಮ್ ಮನೆಯಲ್ಲಿ ಅನ್ನ ಕಲಸಿ ಹಾಗೇ ಎದ್ದರಂತೆ. ಶುಕ್ರವಾರ ಸೂಟಿನವರಿಗೆ ಕಾರಣ ಸಿಕ್ಕಿತು. ಹೆಲ್ಮೆಟ್ಟಿನೊಳಗೆ ಮುಖದತ್ತ ಗಾಳಿ ತಿರುಗಿಸುವ ಪಟ್ಟಿ ಸಡಿಲಾಗಿ, ಹ್ಯಾಸ್ಕೆಲ್ ತಾವು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿದ್ದರು; ಅದರಿಂದ ಬುದ್ಧಿ ಮಂಕಾಗಿತ್ತು. ಕೊಳವೆಯಲ್ಲಿ ಗಾಳಿ ಸರಿಯಾಗಿಯೇ ಬರುತ್ತಿದ್ದುದರಿಂದ ಅಂಕಿಗಳು ಸುಳ್ಳು ಹೇಳಿರಲಿಲ್ಲ. ಧ್ವನಿಮುದ್ರಣ ಹಾಕಿ ಕೇಳಿದಾಗ, ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಹ್ಯಾಸ್ಕೆಲ್ ಒಂದೇ ಉತ್ತರ ಕೊಟ್ಟಿದ್ದರು. ಮಧ್ಯಾಹ್ನ ಅವರು ಕೊಳದ ಅಂಚಿಗೆ ಬಂದು ತಾಮ್ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕುಳಿತರು. "ಆ ಹತ್ತು ನಿಮಿಷ ನನಗೆ ನೆನಪೇ ಇಲ್ಲ, ತಾಮ್. ಬೈದಿದ್ದು ಮಾತ್ರ ನೆನಪಿದೆ."

ಅದೇ ಸಂಜೆ ತಾಮ್‌ಗೆ ಮರುನೇಮಕದ ಪತ್ರ ಬಂತು. ಅದು ಬುಧವಾರದ ಕೆಲಸಕ್ಕೆ ಸಿಕ್ಕ ಬಹುಮಾನವಲ್ಲ. ಪತ್ರದ ಮೇಲಿದ್ದದ್ದು ಸೋಮವಾರದ ತಾರೀಖು. ಯಾರದೋ ಮೇಜಿನ ಮೇಲೆ ನಾಲ್ಕು ದಿನ ಸುಮ್ಮನೆ ಬಿದ್ದಿತ್ತು. "ಮೊದಲೇ ಗೊತ್ತಿದ್ದಿದ್ರೆ ಎರಡು ದಿನ ಊಟನಾದ್ರೂ ಮಾಡ್ತಿದ್ದೆ," ಎನ್ನುತ್ತಾರೆ. ಗಿಡ್ರಿಗೆ ಪತ್ರ ಬರಲೇ ಇಲ್ಲ. ಮೂವತ್ತು ವರ್ಷ ಕೊಳ ನೋಡಿಕೊಂಡವನು ಈಗ ಕೀಮಾ ಎಂಬ ಪಕ್ಕದ ಊರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾನೆ. ಅವನ ವಿಷಯ ಬಂದಾಗ ತಾಮ್ ನಗುವುದಿಲ್ಲ. "ಅವನಿಗೆ ಅನ್ಯಾಯ ಆಯ್ತು. ಇದನ್ನೂ ಬರ್ಕೊಳ್ಳಿ," ಎಂದು ನನ್ನ ಟಿಪ್ಪಣಿ ಪುಸ್ತಕದ ಕಡೆ ಬೆರಳು ತೋರಿಸುತ್ತಾರೆ.

ಮೇ ತಿಂಗಳ ಒಂದು ಬೆಳಿಗ್ಗೆ ಹ್ಯಾಸ್ಕೆಲ್ ಬಾಹ್ಯಾಕಾಶ ನಿಲ್ದಾಣದಿಂದ ಹೊರಗೆ ಬಂದು ಏಳು ಗಂಟೆ ಕೆಲಸ ಮಾಡಿದರು. ರಜೆ ಹಾಕಿದ್ದ ತಾಮ್ ಎಪ್ಪತ್ತೆಂಟರ ತಾಯಿಯ ಜೊತೆ ಟಿವಿ ಮುಂದೆ ಕುಳಿತಿದ್ದರು. ಪರದೆಯ ಮೇಲೆ ಹ್ಯಾಸ್ಕೆಲ್ ಪ್ರತಿ ಕೊಂಡಿಯನ್ನೂ ಎರಡೆರಡು ಸಲ ಜಗ್ಗಿ ನೋಡುತ್ತಿದ್ದರು. ತಾಯಿ ಕನ್ನಡಕ ಏರಿಸಿಕೊಂಡು ತುಂಬ ಹೊತ್ತು ಹುಡುಕಿ, "ಇಷ್ಟು ವರ್ಷ ದುಡಿದಿದ್ದೀಯ, ಇದರಲ್ಲಿ ನೀನೆಲ್ಲಿದ್ದೀಯೇ?" ಎಂದು ಕೇಳಿದರಂತೆ.

"ಅಲ್ಲಿ ನಾನಿಲ್ಲ, ಮಾ," ಎಂದರಂತೆ ತಾಮ್. "ನಾನು ಬೇಕಾಗಬಾರದು ಅಂತಾನೇ ಇಷ್ಟೆಲ್ಲಾ ಮಾಡಿದ್ದು."